ಆಸ್ಕರ್ ಸ್ಲೇಟರನ ಅಪೀಲು

1908ರ ಡಿಸೆಂಬರ್ 21ರ ಸಂಜೆ ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದಲ್ಲಿ 82 ವರ್ಷದ ಶ್ರೀಮಂತ ವೃದ್ಧೆಯೊಬ್ಬಳು ತನ್ನ ಮನೆಯಲ್ಲೇ ಕೊಲೆಯಾದಳು. ಆಭರಣಗಳಲ್ಲಿ ಕಾಣೆಯಾದದ್ದು ಒಂದು ವಜ್ರದ ಬ್ರೋಚ್ ಮಾತ್ರ. ಜರ್ಮನಿಯ ಯೆಹೂದಿ ಆಸ್ಕರ್ ಸ್ಲೇಟರ್ ಅಂಥದೇ ಬ್ರೋಚಿನ ಗಿರವಿ ಚೀಟಿಯನ್ನು ಮಾರಲೆತ್ನಿಸಿದ್ದನು. ಬಳಿಕ ಅಮೆರಿಕಕ್ಕೆ ಹಡಗೇರಿದನು. ಪೊಲೀಸರಿಗೆ ಅಷ್ಟೇ ಸಾಕಾಯಿತು. ಆ ಬ್ರೋಚೋ, ಕೊಲೆಗೆ ಒಂದು ತಿಂಗಳು ಮೊದಲೇ ಗಿರವಿಯಾಗಿತ್ತು! ಆದರೂ ಸಾಕ್ಷಿಗಳು ಅವನನ್ನೇ ಗುರುತಿಸಿದರು.

1909ರಲ್ಲಿ 15 ಮಂದಿ ಜೂರಿಗಳಲ್ಲಿ 9 ಮಂದಿ ಅವನನ್ನು ಅಪರಾಧಿಯೆಂದರು. ಅಲ್ಲಿ ಬಹುಮತವೇ ಸಾಕಾಗಿತ್ತು. ಗಲ್ಲಿಗೆ ಎರಡು ದಿನ ಉಳಿದಿರುವಾಗ ಶಿಕ್ಷೆ ಜೀವಾವಧಿಗೆ ಇಳಿಯಿತು. ಅಪೀಲು ಹೋಗೋಣವೆಂದರೆ ಅಂಥ ನ್ಯಾಯಾಲಯವೇ ಆ ನಾಡಿನಲ್ಲಿ ಇರಲಿಲ್ಲ. (ಬ್ರಿಟಿಷ್ ಇಂಡಿಯಾದಲ್ಲಾದರೋ 1898ರ ಸಂಹಿತೆಯಂತೆ ಸೆಷನ್ಸ್ ನ್ಯಾಯಾಲಯದ ಮರಣದಂಡನೆಗೆ ಹೈಕೋರ್ಟಿನ ಒಪ್ಪಿಗೆ ಬೇಕಿತ್ತು. ಆಳುವವರಿಗಿಲ್ಲದ ರಕ್ಷೆ ಆಳಿಸಿಕೊಳ್ಳುವವರಿಗಿತ್ತೆಂಬುದು ಸೋಜಿಗವೇ.)

ಕಾನನ್ ಡಾಯ್ಲ್ 1912ರಲ್ಲಿ ಸ್ಲೇಟರನ ಪರವಾಗಿ ಪುಸ್ತಕ ಬರೆದರು. ಕ್ರಿಮಿನಲ್ ಅಪೀಲು ನ್ಯಾಯಾಲಯ ಬಂದದ್ದು 1926ರಲ್ಲಿ. ಹಳೆಯ ಶಿಕ್ಷೆಗೆ ಅದು ಅನ್ವಯಿಸದ ಕಾರಣ 1927ರಲ್ಲಿ ಪ್ರತ್ಯೇಕ ಶಾಸನ ಬೇಕಾಯಿತು. ಅಷ್ಟರಲ್ಲಿ ಅವನು ಹದಿನೆಂಟೂವರೆ ವರ್ಷ ಸೆರೆಯಲ್ಲಿ ಕಳೆದಿದ್ದನು.

1928ರ ತೀರ್ಪನ್ನು ನಾವು ಎಚ್ಚರದಿಂದ ಓದಬೇಕು. ಅವನು ನಿರ್ದೋಷಿಯೆಂದು ಅದು ಸಾರಲಿಲ್ಲ. ಸಾಕ್ಷ್ಯವನ್ನು ನೋಡಿದರೆ ಜೂರಿಯ ನಿರ್ಣಯ ಅಸಮಂಜಸವಲ್ಲವೆಂದೇ ಹೇಳಿತು. ದೋಷ ಕಂಡದ್ದು ಬೇರೆಡೆಯಲ್ಲಿ. ಆರೋಪಿಯನ್ನು ಮೊದಲು ನಿರ್ದೋಷಿಯೆಂದು ಭಾವಿಸಬೇಕೆಂಬ ನಿಯಮ, ದುರ್ನಡತೆಯಿಂದ ಬದುಕಿದ ಇವನಿಗೆ ಸಜ್ಜನನಿಗೆ ಸಲ್ಲುವಷ್ಟು ಸಲ್ಲದೆಂದು ವಿಚಾರಣೆಯ ನ್ಯಾಯಾಧೀಶರು ಜೂರಿಗೆ ತಿಳಿಸಿದ್ದರು. ಆ ತಪ್ಪು ಬೋಧನೆಯೊಂದರಿಂದಲೇ ಶಿಕ್ಷೆ ರದ್ದಾಯಿತು. ಸರಕಾರ 6000 ಪೌಂಡು ಪರಿಹಾರ ಕೊಟ್ಟಿತು. ಕೊಂದವರು ಯಾರೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ.