ತುಟಿಯ ಗುಳ್ಳೆಗೆ ಕೊಟ್ಟ ಔಷಧಿಯಿಂದ ತೊಂದರೆಯಾದರೆ

ಜ್ವರ ಬಂದು ಹೋದ ಮೇಲೆ, ಬಿಸಿಲಿನಲ್ಲಿ ದುಡಿದಾಗ, ನಿದ್ದೆಗೆಟ್ಟಾಗ ಕೆಲವರಿಗೆ ತುಟಿಯ ಅಂಚಿನಲ್ಲಿ ನೀರು ತುಂಬಿದ ಸಣ್ಣ ಗುಳ್ಳೆಗಳು ಗುಂಪಾಗಿ ಏಳುತ್ತವೆ. ಉಷ್ಣವಾಗಿದೆ ಎಂದು ಹೇಳುವುದು ವಾಡಿಕೆ. ಆದರೆ ಇದಕ್ಕೆ ಕಾರಣ ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಾಣು. ಬಹಳ ಜನರಲ್ಲಿ 7ರಿಂದ 10 ದಿನಗಳಲ್ಲಿ ತಾನಾಗಿಯೇ ಮಾಯುತ್ತದೆ. ಮೇಲಿಂದ ಮೇಲೆ ಬರುವವರಿಗೆ, ಹೆಚ್ಚು ನೋವಿರುವವರಿಗೆ ವೈದ್ಯರು ಅಸೈಕ್ಲೋವಿರ್ ಅಥವಾ ವ್ಯಾಲಸೈಕ್ಲೋವಿರ್ ಬರೆದುಕೊಡುತ್ತಾರೆ.

ಮುಲಾಮು ಹಚ್ಚಿದ ಜಾಗ ಸ್ವಲ್ಪ ಉರಿಯಬಹುದು, ಒಣಗಿ ಸಿಪ್ಪೆ ಏಳಬಹುದು. ರೋಗ ಹೆಚ್ಚಾಯಿತೆಂದು ತಿಳಿದು ಮತ್ತಷ್ಟು ದಪ್ಪಗೆ ಬಳಿಯಬೇಡಿ. ತೆಳುವಾಗಿ ಹಚ್ಚಿ, ಕೈ ತೊಳೆದುಕೊಳ್ಳಿ. ಕಣ್ಣಿಗೆ ತಾಗಬಾರದು. ಉರಿ ತಡೆಯಲಾರದೆ ಅಂಗಡಿಯವರು ಕೊಟ್ಟ ಬೇರೊಂದು ಟ್ಯೂಬನ್ನು ಹಚ್ಚಿಕೊಂಡು ಬರುವವರಿದ್ದಾರೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಗುಳ್ಳೆ ಹರಡುವ ಅಪಾಯವಿದೆ.

ಮಾತ್ರೆಯಿಂದ ಕೆಲವರಿಗೆ ತಲೆನೋವು, ವಾಕರಿಕೆ, ಭೇದಿ ಆಗುತ್ತದೆ. ಊಟವಾದ ಮೇಲೆ ನುಂಗಿದರೆ ವಾಕರಿಕೆ ಕಡಿಮೆಯಾಗುವುದುಂಟು. ಇಷ್ಟಕ್ಕೇ ಹೆದರಿ ಮಾತ್ರೆ ಬಿಡಬೇಕಿಲ್ಲ. ಒಂದು ಹೊತ್ತು ಮರೆತರೆ ಎರಡನ್ನು ಒಟ್ಟಿಗೆ ನುಂಗಬೇಡಿ.

ನಿಜವಾಗಿ ಎಚ್ಚರ ಬೇಕಾದದ್ದು ಮೂತ್ರಪಿಂಡದ ವಿಷಯದಲ್ಲಿ. ಈ ಔಷಧಿ ಮೂತ್ರದ ಮೂಲಕವೇ ಹೊರಹೋಗುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೆ ಔಷಧಿಯ ಹರಳುಗಳು ಮೂತ್ರಪಿಂಡದಲ್ಲಿ ಕಟ್ಟಿಕೊಂಡು ಅದಕ್ಕೆ ಪೆಟ್ಟಾಗಬಹುದು. ಆದ್ದರಿಂದ ಮಾತ್ರೆ ನುಂಗುವ ದಿನಗಳಲ್ಲಿ ನೀರು, ಮಜ್ಜಿಗೆ, ಗಂಜಿ ಚೆನ್ನಾಗಿ ಕುಡಿಯಿರಿ. ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆಗೆ ನೀರು ಮಿತವಾಗಿ ಕುಡಿಯಲು ಹೇಳಿದ್ದರೆ ಮಾತ್ರ ವೈದ್ಯರನ್ನು ಕೇಳಿ ಮುಂದುವರಿಯಿರಿ. ತಲೆನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳನ್ನು ನೀವಾಗಿಯೇ ಸೇರಿಸಿಕೊಳ್ಳಬೇಡಿ. ಅವೂ ಮೂತ್ರಪಿಂಡಕ್ಕೆ ಭಾರವೇ.

ಮೂತ್ರಪಿಂಡದ ತೊಂದರೆ ಇರುವವರಿಗೆ, ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಮಾತ್ರೆಯ ಪ್ರಮಾಣ ಇಳಿಸಬೇಕಾಗುತ್ತದೆ. ಚೀಟಿ ಬರೆಸುವಾಗಲೇ ಈ ವಿಷಯ ಹೇಳಿ, ಹಳೆಯ ವರದಿ ತೋರಿಸಿ. ತುಟಿಯ ಗುಳ್ಳೆಗೂ ಕಿಡ್ನಿಗೂ ಏನು ಸಂಬಂಧ ಎಂದು ಸುಮ್ಮನಾಗುವವರೇ ಹೆಚ್ಚು.

ಜೊತೆಗಿರುವವರಿಗೆ ಒಂದು ಮಾತು. ಮಾತ್ರೆ ಶುರುಮಾಡಿದ ಒಂದೆರಡು ದಿನಗಳಲ್ಲಿ ಮನೆಯ ಹಿರಿಯರು ಸಂಬಂಧವಿಲ್ಲದ ಮಾತನಾಡಿದರೆ, ಇಲ್ಲದವರನ್ನು ಕಂಡಂತೆ ವರ್ತಿಸಿದರೆ, ಮಂಪರಿನಲ್ಲಿದ್ದರೆ, ಕೈಕಾಲು ನಡುಗಿದರೆ ಅದನ್ನು ವಯಸ್ಸಿನ ಅರಳುಮರಳು ಎಂದು ಬಿಡಬೇಡಿ, ಗಾಳಿ ಸೋಕಿತೆಂದು ತಾಯತಕ್ಕೂ ಓಡಬೇಡಿ. ಔಷಧಿ ಹೊರಹೋಗದೆ ಮೈಯಲ್ಲೇ ಉಳಿದಾಗ ಹೀಗಾಗುತ್ತದೆ. ಬೇಗ ಗುರುತಿಸಿ ಚಿಕಿತ್ಸೆ ಕೊಟ್ಟರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಸರಿಹೋಗುತ್ತಾರೆ. ಮೂತ್ರ ಬಹಳ ಕಡಿಮೆಯಾದರೆ, ಮೈಮೇಲೆ ದದ್ದು ಎದ್ದು ಮುಖ ಊದಿದರೆ, ಉಸಿರಾಟ ಕಷ್ಟವಾದರೂ ಅಷ್ಟೇ: ಮುಂದಿನ ಮಾತ್ರೆ ಕೊಡದೆ, ರಾತ್ರಿಯಾದರೂ ಸರಿ, ಕೂಡಲೇ ಆಸ್ಪತ್ರೆಗೆ ಕರೆತನ್ನಿ. ಬರುವಾಗ ಮಾತ್ರೆಯ ಖಾಲಿ ಪಟ್ಟಿಯನ್ನೂ ತನ್ನಿ. ಎಷ್ಟು ಮಾತ್ರೆ ಹೋಗಿದೆಯೆಂದು ಅದರಿಂದಲೇ ಗೊತ್ತಾಗುತ್ತದೆ.