ಹೊರಗೆ ಹೊರಟ ಮಕ್ಕಳಿಗೆ

ಪರದೇಶಕ್ಕೆ ಹೊರಟು ನಿಂತ ಮಕ್ಕಳೇ, ಶ್ಟೆಫಾನ್ ಓಸುಸ್ಕಿ ಎಂಬವರ ಹೆಸರು ನಿಮ್ಮ ಕಿವಿಗೆ ಬಿದ್ದಿರಲಾರದು. ಸ್ವಲ್ಪ ಕೂತು ಕೇಳಿ.

ಅವರು ಹುಟ್ಟಿದ್ದು 1889ರಲ್ಲಿ, ಬ್ರೆಜೋವಾ ಎಂಬ ಸಣ್ಣ ಊರಿನಲ್ಲಿ. ಸ್ಲೋವಾಕರ ನಾಡು ಆಗ ಹಂಗೇರಿಯ ಕೈಯಲ್ಲಿತ್ತು. 1874–75ರಲ್ಲೇ ಸ್ಲೋವಾಕ್ ಭಾಷೆಯ ಮೂರು ಪ್ರೌಢಶಾಲೆಗಳಿಗೂ ಸರ್ಕಾರ ಬೀಗ ಜಡಿದಿತ್ತು. ತನ್ನವರ ಪರ ನಿಂತದ್ದಕ್ಕೆ ಈ ಹುಡುಗನನ್ನೂ ಶಾಲೆಯಿಂದ ಹೊರಹಾಕಿದರು. ಹದಿಹರೆಯದಲ್ಲೇ ಅಮೆರಿಕ ಸೇರಿ, ಶಿಕಾಗೊದಲ್ಲಿ ಕಾನೂನು ಓದಿ ವಕೀಲರಾದರು. ಅಷ್ಟಕ್ಕೇ ನಿಂತಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ.

ನನ್ನ ಕಳವಳ ಇರುವುದು ಇಲ್ಲೇ. ನಮ್ಮ ಕೆಲವು ಮಕ್ಕಳು ಹೋದ ದೇಶದ ಭಾಷೆಯನ್ನು ಕೆಲಸಕ್ಕೆ ಬೇಕಾದಷ್ಟೇ ಕಲಿತು, ತಮ್ಮವರ ನಡುವೆಯೇ ಬಾಗಿಲು ಹಾಕಿಕೊಂಡು ಬದುಕುತ್ತಾರೆ. ಇನ್ನು ಕೆಲವರು ಮನೆಮಾತನ್ನೇ ಮರೆತುಬಿಡುತ್ತಾರೆ. ಎರಡೂ ನಷ್ಟವೇ ಅಲ್ಲವೆ?

ಓಸುಸ್ಕಿ ವಕೀಲಿಯ ಜೊತೆಗೇ ವಲಸಿಗ ಸ್ಲೋವಾಕರ ಪತ್ರಿಕೆಗಳಿಗೂ ದುಡಿದರು. 1916ರಲ್ಲಿ, ಮಹಾಯುದ್ಧದ ನಡುವೆ, ವಲಸಿಗರ ಸಂಘವಾದ ಅಮೆರಿಕದ ಸ್ಲೋವಾಕ್ ಲೀಗಿಗೆ ಯುರೋಪಿನಲ್ಲಿ ಸ್ಲೋವಾಕರ ಪರ ಮಾತಾಡುವವರು ಬೇಕಾದಾಗ ಅದು ಇವರನ್ನು ಕಳಿಸಿತು. ಕಾನೂನು ಗೊತ್ತಿತ್ತು, ಇಂಗ್ಲಿಷ್ ಗೊತ್ತಿತ್ತು, ತನ್ನ ಜನರ ಸಂಕಟವೂ ಗೊತ್ತಿತ್ತು. 1920ರ ಜೂನ್ 4ರಂದು ಫ್ರಾನ್ಸಿನ ಟ್ರಿಯಾನಾನ್ ಅರಮನೆಯಲ್ಲಿ ಹಂಗೇರಿಯೊಡನೆ ಶಾಂತಿ ಒಪ್ಪಂದವಾಯಿತು. ಚೆಕ್ಕರೂ ಸ್ಲೋವಾಕರೂ ಸೇರಿ ಕಟ್ಟಿದ ಹೊಸ ದೇಶ ಚೆಕೊಸ್ಲೊವಾಕಿಯಾದ ಪರ ಸಹಿ ಹಾಕಿದ ಇಬ್ಬರಲ್ಲಿ, ಹಂಗೇರಿಯ ಶಾಲೆ ಹೊರದಬ್ಬಿದ್ದ ಆ ಹುಡುಗನೂ ಒಬ್ಬ. ಆಗ ವಯಸ್ಸು 31.

ಓಸುಸ್ಕಿಗೆ ಬಂದಂಥ ಕರೆ ಬಂದ ಮೇಲೆ ಕಲಿಯಲು ಕೂತರೆ ಆಗುವುದಿಲ್ಲ, ಮಕ್ಕಳೇ. ದಿನಕ್ಕೆ ಅರ್ಧ ಗಂಟೆ ಫೋನು ಬದಿಗಿಡಿ. ಹೋದ ದೇಶದ ಚರಿತ್ರೆ ಓದಿ, ಅಲ್ಲಿನ ಕಾನೂನು ತಿಳಿದುಕೊಳ್ಳಿ. ವಾರಕ್ಕೊಂದು ಪುಟವಾದರೂ ಕನ್ನಡದಲ್ಲಿ ಬರೆಯಿರಿ; ಬರೆಯದೆ ಬಿಟ್ಟ ಭಾಷೆ ಮಾತಿನಲ್ಲೂ ಬೇಗ ಸವೆಯುತ್ತದೆ, ಅದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

1939ರ ಮಾರ್ಚಿನಲ್ಲಿ ಹಿಟ್ಲರನ ಸೇನೆ ಚೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್ ಹೊಕ್ಕಿತು. ಪ್ಯಾರಿಸ್ಸಿನಲ್ಲಿ ಆ ದೇಶದ ರಾಯಭಾರಿಯಾಗಿದ್ದ ಓಸುಸ್ಕಿ, ಕಚೇರಿಯನ್ನು ಜರ್ಮನರಿಗೆ ಒಪ್ಪಿಸಲು ಒಪ್ಪಲಿಲ್ಲ. ಅದೇ ಅಕ್ಟೋಬರಿನಲ್ಲಿ ಫ್ರಾನ್ಸಿನ ನೆಲದಲ್ಲಿ ಚೆಕೊಸ್ಲೊವಾಕ್ ಸೇನೆ ಕಟ್ಟುವ ಒಪ್ಪಂದಕ್ಕೆ ಫ್ರೆಂಚ್ ಪ್ರಧಾನಿ ದಲಾದಿಯೆ ಜೊತೆ ಸಹಿ ಹಾಕಿದರು. ಆಮೇಲೆ ಚೆಕೊಸ್ಲೊವಾಕ್ ನಾಯಕ ಬೆನೆಶ್ ಅವರೊಡನೆ ಭಿನ್ನಾಭಿಪ್ರಾಯ ಬೆಳೆದು ಅಧಿಕಾರ ಹೋಯಿತು. ಮತ್ತೆ ಅಮೆರಿಕಕ್ಕೆ ಬಂದು ಕೋಲ್ಗೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು.

ಅಧಿಕಾರ ಹೋದರೂ ಹೇಳಿಕೊಡಲು ಅವರಲ್ಲಿ ಕಲಿತದ್ದು ಉಳಿದಿತ್ತು. ನಿಮ್ಮ ಕೊರಳಿನ ಕಂಪನಿ ಬ್ಯಾಡ್ಜನ್ನು ನಾಳೆ ವಾಪಸು ಕೇಳಿದರೆ, ಹೇಳಿಕೊಡಲು ನಿಮ್ಮಲ್ಲೇನಿದೆ? ಹೊರಡುವ ಮುಂಚೆ ಒಮ್ಮೆ ಯೋಚಿಸಿ. ಏನೂ ಇಲ್ಲವೆನಿಸಿದರೆ ಗಾಬರಿ ಬೇಡ, ಇವತ್ತೇ ಒಂದನ್ನು ಕಲಿಯಲು ಹಿಡಿಯಿರಿ.