ಮೊದಲು ಮರ ಅಳೆಯಿರಿ, ಆಮೇಲೆ ಗರಗಸ ಕೊಳ್ಳಿ

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತದ ಗಾಳಿಗೆ ನಮ್ಮ ಹಿತ್ತಲಿನ ಮಾವಿನ ಮರದ ದೊಡ್ಡ ಟೊಂಗೆಯೊಂದು ಮುರಿದು ಪಾಗಾರದ ಮೇಲೆ ಬಿತ್ತು. ಬುಡ ಇನ್ನೂ ಮರಕ್ಕೆ ಅಂಟಿಕೊಂಡಿತ್ತು, ತುದಿ ಪಾಗಾರದಾಚೆ ಜೋತಿತ್ತು, ನಡು ಬಿಲ್ಲಿನಂತೆ ಬಾಗಿತ್ತು. ಎರವಲು ತಂದ ಚೈನ್ ಸಾ ಮೆಷಿನ್ ಹಿಡಿದು ನಾನೇ ಮೇಲಿನಿಂದ ಕೊಯ್ಯಲು ಹೊರಟೆ. ಅರ್ಧ ಇಳಿಯುವಷ್ಟರಲ್ಲಿ ಟೊಂಗೆ ಸಿಡಿಯಿತು, ಮೆಷಿನ್ ಕೈಯಿಂದ ಹಾರಿ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ಬಿತ್ತು. ಮೆಷಿನ್‌ನಲ್ಲಿ ದೋಷವೇನೂ ಇರಲಿಲ್ಲ. ಆ ಟೊಂಗೆಗೆ ಅದು ಸರಿಯಾದ ಗರಗಸವಾಗಿರಲಿಲ್ಲ, ನನಗೆ ಕೊಯ್ಯುವ ಕ್ರಮ ತಿಳಿದಿರಲಿಲ್ಲ.

ಭಟ್ಕಳ, ಹೊನ್ನಾವರ, ಕುಮಟಾದ ಮನೆಗಳ ಸುತ್ತ ತೆಂಗು, ಮಾವು, ಹಲಸು, ಗೇರು, ಗಾಳಿ ಮರ ಇದ್ದೇ ಇರುತ್ತವೆ. ಜೂನ್ ಮಳೆಗೆ ಮುಂಚೆ ಅಪಾಯದ ಮರ ತೆಗೆಯಬೇಕೆಂದು ಅಂಗಡಿಗೆ ಹೋಗುವವರು ಈ ಹಂತಗಳನ್ನು ಒಮ್ಮೆ ಓದಿಕೊಂಡು ಹೋಗಿ.

ಹಂತ 1: ಮರವನ್ನು ಅಳೆಯಿರಿ

ಕೊಯ್ಯಬೇಕಾದ ಜಾಗದಲ್ಲಿ ಬೊಡ್ಡೆಗೆ ಹಗ್ಗ ಸುತ್ತಿ ಸುತ್ತಳತೆ ತೆಗೆಯಿರಿ. ಅದನ್ನು 3ರಿಂದ ಭಾಗಿಸಿದರೆ ದಪ್ಪ ಹೆಚ್ಚುಕಡಿಮೆ ಸಿಗುತ್ತದೆ. ಸುತ್ತಳತೆ 90 ಸೆಂ.ಮೀ. ಇದ್ದರೆ ದಪ್ಪ ಸುಮಾರು 30 ಸೆಂ.ಮೀ., ಅಂದರೆ ಒಂದು ಅಡಿ.

ಆಮೇಲೆ ದೂರ ನಿಂತು ಮರ ಯಾವ ಕಡೆಗೆ ವಾಲಿದೆ, ಅದರ ಎತ್ತರದಷ್ಟು ದೂರದೊಳಗೆ ಮನೆಯ ಮಾಡು, ಕೊಟ್ಟಿಗೆ, ಬಾವಿ ಅಥವಾ ವಿದ್ಯುತ್ ತಂತಿ ಇದೆಯೇ ನೋಡಿ. ಬೊಡ್ಡೆಗೆ ಕೊಡಲಿಯ ಹಿಂಬದಿಯಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಒಳಗೆ ಗೆದ್ದಲು ತಿಂದಿರಬಹುದು.

ಮರ ಒಂದು ಅಡಿಗಿಂತ ದಪ್ಪವಿದ್ದರೆ, ಟೊಳ್ಳಾಗಿದ್ದರೆ, ಮಾಡಿನ ಕಡೆಗೆ ವಾಲಿದ್ದರೆ ಅಥವಾ ತಂತಿಯ ಹತ್ತಿರವಿದ್ದರೆ ಗರಗಸದ ಯೋಚನೆ ಬಿಡಿ. ಪಳಗಿದ ಮರ ಕಡಿಯುವವರನ್ನು ಕರೆಸಿ. ತಂತಿ ಇದ್ದಲ್ಲಿ ಮೊದಲು ಹೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸಿ. ಲೈನ್ ಬಂದ್ ಆಗಿದೆ ಎಂದು ಅವರೇ ಹೇಳುವವರೆಗೆ ಮರ ಮುಟ್ಟಬೇಡಿ.

ಹಂತ 2: ಅನುಮತಿ ಪಡೆಯಿರಿ

ಸ್ವಂತ ಹಿತ್ತಲಿನ ಮರಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ತೆಂಗು, ಗಾಳಿ ಮರ, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಉಳಿದವಕ್ಕೆ, ಅದರಲ್ಲೂ ತೇಗ, ಬೀಟೆ, ಗಂಧಕ್ಕೆ, ಮೊದಲೇ ನಿಮ್ಮ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ ಅರ್ಜಿ ಕೊಡಿ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕುಗಳು ಹೊನ್ನಾವರ ಅರಣ್ಯ ವಿಭಾಗಕ್ಕೆ ಸೇರುತ್ತವೆ. ತೋಟಕ್ಕೆ ಸೇರಿದ ಸೊಪ್ಪಿನ ಬೆಟ್ಟದಿಂದ ಸೊಪ್ಪು ತರಬಹುದೇ ಹೊರತು ಅಲ್ಲಿನ ಮರ ನಿಮ್ಮದಲ್ಲ.

ಹಂತ 3: ದಪ್ಪಕ್ಕೆ ತಕ್ಕ ಗರಗಸ ಆರಿಸಿ

* 10 ಸೆಂ.ಮೀ. ಒಳಗಿನ ಟೊಂಗೆಗೆ ಬಾಗಿದ ಅಲಗಿನ ಕೈಗರಗಸ ಸಾಕು. ಹಲ್ಲುಗಳು ಹಿಡಿಯ ಕಡೆಗೆ ಮುಖ ಮಾಡಿರಬೇಕು. ಆಗ ಎಳೆದಾಗ ಕೊಯ್ಯುತ್ತದೆ, ಅಲಗು ಮಡಚಿ ಮುರಿಯುವುದಿಲ್ಲ. ಅಲಗಿನ ಉದ್ದ ಟೊಂಗೆಯ ದಪ್ಪಕ್ಕಿಂತ ಎರಡು ಪಟ್ಟು ಇರಲಿ. ಮಡಚುವ ಗರಗಸವಾದರೆ ಬಿಡಿಸಿದಾಗ ಲಾಕ್ ಗಟ್ಟಿಯಾಗಿ ಕೂರುತ್ತದೆಯೇ ಅಂಗಡಿಯಲ್ಲೇ ನೋಡಿ.
* ಎತ್ತರದ ಟೊಂಗೆಗೆ ದೋಟಿಯ ತುದಿಗೆ ಸಿಕ್ಕಿಸುವ ಗರಗಸ ಒಳ್ಳೆಯದು. ನೆಲದ ಮೇಲೇ ನಿಂತು ಕೊಯ್ಯಬಹುದು. ಆದರೆ ನೇರ ಕೆಳಗೆ ನಿಲ್ಲಬೇಡಿ. ತಂತಿ ಇರುವ ಕಡೆ ದೋಟಿ, ಅದರಲ್ಲೂ ಅಲ್ಯೂಮಿನಿಯಂನದನ್ನು, ಎತ್ತಲೇಬೇಡಿ.
* 10ರಿಂದ 20 ಸೆಂ.ಮೀ. ದಪ್ಪಕ್ಕೆ ಬಿಲ್ಲಿನಾಕಾರದ ಚೌಕಟ್ಟಿನ ಗರಗಸ, ಇಲ್ಲವೇ ಇಬ್ಬರು ಎಳೆಯುವ ಗರಗಸ ಬಳಸಿ. ಕೆಲಸ ನಿಧಾನ, ಆದರೆ ಕೈ ನಿಂತ ಕೂಡಲೇ ಗರಗಸವೂ ನಿಲ್ಲುತ್ತದೆ. ಹೊಸಬರಿಗೆ ಅದಕ್ಕಿಂತ ದೊಡ್ಡ ರಕ್ಷಣೆ ಬೇರೆ ಇಲ್ಲ.
* 20ರಿಂದ 30 ಸೆಂ.ಮೀ. ದಪ್ಪಕ್ಕೆ ಚೈನ್ ಸಾ ಬೇಕಾದೀತು. ಅದರ ಚೈನ್ ಸುತ್ತುವ ಪಟ್ಟಿ ಮರದ ದಪ್ಪಕ್ಕಿಂತ ಕನಿಷ್ಠ 5 ಸೆಂ.ಮೀ. ಉದ್ದವಿರಲಿ. 30 ಸೆಂ.ಮೀ. ಮರಕ್ಕೆ 14 ಇಂಚಿನ ಪಟ್ಟಿ ಸಾಕು. ಮುಂದೆ ಬೇಕಾಗಬಹುದೆಂದು 22 ಇಂಚಿನದನ್ನು ಕೊಂಡರೆ ಭಾರಕ್ಕೆ ಕೈ ಸೋಲುತ್ತದೆ, ಹಿಡಿತ ತಪ್ಪುತ್ತದೆ.

ಚೈನ್ ಸಾಗಳಲ್ಲಿ ಬ್ಯಾಟರಿಯದು ಹಗುರ, ಸದ್ದು ಕಡಿಮೆ, ಸಣ್ಣ ಮನೆಗೆಲಸಕ್ಕೆ ತಕ್ಕದ್ದು. ಪೆಟ್ರೋಲಿನದಕ್ಕೆ ಬಲ ಹೆಚ್ಚು, ಜೊತೆಗೆ ತೂಕ, ಹೊಗೆ, ನಡುಕವೂ ಹೆಚ್ಚು. ಕರೆಂಟ್ ವೈರಿನದು ನಮ್ಮ ಒದ್ದೆ ಅಂಗಳಕ್ಕೆ ಹೇಳಿಸಿದ್ದಲ್ಲ. ಗ್ರೈಂಡರ್‌ಗೆ ಚೈನ್ ಪಟ್ಟಿ ಸಿಕ್ಕಿಸುವ ಅಗ್ಗದ ಸಾಮಾನನ್ನು ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಮನೆಗೆ ತರಬೇಡಿ. ಅದಕ್ಕೆ ಚೈನ್ ಸಾದಲ್ಲಿರುವಂಥ ಬ್ರೇಕ್ ಇರುವುದಿಲ್ಲ.

ಹಂತ 4: ಅಂಗಡಿಯಲ್ಲಿ ಕೈಯಿಟ್ಟು ನೋಡಿ

ಚೈನ್ ಸಾವನ್ನು ಎರಡೂ ಕೈಯಲ್ಲಿ ಹಿಡಿದು ಎರಡು ನಿಮಿಷ ನಿಲ್ಲಿ. ತೋಳು ನಡುಗಿದರೆ ಅದು ನಿಮ್ಮ ಮೆಷಿನ್ ಅಲ್ಲ. ಆಮೇಲೆ ಒಂದೊಂದಾಗಿ ಪರೀಕ್ಷಿಸಿ:

1. ಮುಂದಿನ ಹಿಡಿಯ ಎದುರು ನಿಂತಿರುವ ಕಾವಲು ಪಟ್ಟಿಯೇ ಚೈನ್ ಬ್ರೇಕ್. ಮುಂದಕ್ಕೆ ತಳ್ಳಿದರೆ ಟಕ್ ಎಂದು ಕೂರಬೇಕು. ಅಂಗಡಿಯವರೇ ಚಾಲೂ ಮಾಡಿ ತಳ್ಳಿ ತೋರಿಸಲಿ. ಓಡುತ್ತಿರುವ ಚೈನ್ ಥಟ್ಟನೆ ನಿಲ್ಲಬೇಕು.
2. ಹಿಂದಿನ ಹಿಡಿಯ ಮೇಲಿನ ಲಾಕ್ ಒತ್ತದೆ ಎಕ್ಸಿಲರೇಟರ್ ಅದುಮಲು ಬರಬಾರದು.
3. ಚೈನ್ ತುಂಡಾದರೆ ತಡೆದು ಹಿಡಿಯುವ ಕೊಕ್ಕೆ ಪಟ್ಟಿಯ ಬುಡದಲ್ಲಿರಬೇಕು. ಬಲಗೈ ಬೆರಳುಗಳನ್ನು ಕಾಯುವಷ್ಟು ಅಗಲ ಹಿಂದಿನ ಹಿಡಿಯ ಕೆಳಭಾಗಕ್ಕಿರಬೇಕು.
4. ಒದೆತ ಕಡಿಮೆ ಇರುವ ಚೈನ್ ಕೇಳಿ ಪಡೆಯಿರಿ. ಪಟ್ಟಿಯ ಮೂತಿಯ ಮೇಲರ್ಧ ಮರಕ್ಕೆ ತಾಗಿದರೆ ಮೆಷಿನ್ ನಿಮ್ಮ ಮುಖದ ಕಡೆಗೆ ಒದೆಯುತ್ತದೆ. ದೊಡ್ಡ ಗಾಯಗಳಾಗುವುದು ಹೀಗೆಯೇ.
5. ರಿಪೇರಿ, ಬಿಡಿಭಾಗ ನಿಮ್ಮ ತಾಲೂಕಿನ ಪೇಟೆಯಲ್ಲೇ ಸಿಗುತ್ತದೆಯೇ ವಿಚಾರಿಸಿ.

ಹಂತ 5: ಮೈಗೆ ರಕ್ಷಣೆ

ಲುಂಗಿ, ಪಂಚೆ, ಹವಾಯಿ ಚಪ್ಪಲಿ, ಕುತ್ತಿಗೆಯ ಟವೆಲ್ ಯಾವುದೂ ಬೇಡ. ಐಎಸ್ 2925 ಗುರುತಿನ ಹೆಲ್ಮೆಟ್, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಕೈಗವಸು, ಜಾರದ ಬೂಟು ಬೇಕು. ಚೈನ್ ತಾಗಿದರೆ ನಾರು ಸುತ್ತಿಕೊಂಡು ಮೆಷಿನ್ ನಿಲ್ಲಿಸುವ ಕಾಲುರಕ್ಷೆಯೂ ಬರುತ್ತದೆ. ಇವುಗಳ ಬೆಲೆಯನ್ನು ಗರಗಸದ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.

ಹಂತ 6: ಕೊಯ್ಯುವ ದಿನ

ಗಾಳಿಯಿಲ್ಲದ ಬೆಳಗಿನ ಹೊತ್ತು ಆರಿಸಿ. ಒಬ್ಬರೇ ಇರಬೇಡಿ. ಮರದ ಎತ್ತರದ ಎರಡು ಪಟ್ಟು ದೂರದೊಳಗೆ ಮಕ್ಕಳು, ದನ, ನೋಡಲು ಬಂದವರು ಯಾರೂ ಇರಬಾರದು. ಮರ ಬೀಳುವ ದಿಕ್ಕಿಗೆ ಬೆನ್ನು ಹಾಕಿ, ಓರೆಯಾಗಿ ಹಿಂದಕ್ಕೆ ಸರಿಯಲು ಎರಡು ದಾರಿ ಸವರಿಟ್ಟುಕೊಳ್ಳಿ.

ಬೀಳಬೇಕಾದ ಕಡೆ ದಪ್ಪದ ಕಾಲು ಭಾಗದಷ್ಟು ಆಳಕ್ಕೆ ಬಾಯಿ ತೆಗೆಯಿರಿ. ಹಿಂದಿನಿಂದ ತುಸು ಮೇಲೆ ಕೊಯ್ಯುತ್ತ ಬಂದು, ನಡುವೆ ದಪ್ಪದ ಹತ್ತನೇ ಒಂದು ಭಾಗ ಉಳಿಸಿ. ಉಳಿದ ಆ ಪಟ್ಟಿ ಬಾಗಿಲ ತಿರುಗಣೆಯಂತೆ ಮರವನ್ನು ಬೇಕಾದ ದಿಕ್ಕಿಗೆ ಇಳಿಸುತ್ತದೆ. ಅದನ್ನು ಪೂರ್ತಿ ಕೊಯ್ದರೆ ಮರ ಎತ್ತ ಬೇಕಾದರೂ ತಿರುಗೀತು.

ಗಾಳಿಗೆ ಬಿದ್ದು ಬಾಗಿ ನಿಂತ ಟೊಂಗೆಯಾದರೆ ಮೊದಲು ಬಾಗಿನ ಒಳಮೈಗೆ ತೆಳ್ಳಗೆ ಗೆರೆ ಕೊಯ್ದು, ಆಮೇಲೆ ಬಿಗಿಯಾದ ಹೊರಮೈಯಿಂದ ನಿಧಾನವಾಗಿ ಮುಗಿಸಿ. ಸಿಡಿಯುವ ಬದಿಗೆ ನಿಲ್ಲಬೇಡಿ. ನಾನು ತಪ್ಪಿದ್ದು ಇಲ್ಲೇ.

ಏಣಿಯ ಮೇಲೆ ಅಥವಾ ಮರದ ಮೇಲೆ ಚೈನ್ ಸಾ ಬೇಡ, ಭುಜಕ್ಕಿಂತ ಮೇಲೆ ಎತ್ತಲೂ ಬೇಡ. ತೆಂಗನ್ನು ಮನೆ ಪಕ್ಕದಲ್ಲಿ ಬುಡದಿಂದ ಉರುಳಿಸುವಂತಿಲ್ಲ. ಮರ ಹತ್ತುವವರು ಮಡಲು, ಗೊನೆ ತೆಗೆದು ಮೇಲಿನಿಂದ ತುಂಡುತುಂಡಾಗಿ ಹಗ್ಗದಲ್ಲಿ ಇಳಿಸಬೇಕು. ಗೇರಿನ ಸೊನೆ ಚರ್ಮ ಸುಡುತ್ತದೆ, ತೋಳು ಮುಚ್ಚಿಕೊಳ್ಳಿ. ಗಾಯವಾದರೆ ಸ್ವಚ್ಛ ಬಟ್ಟೆ ಒತ್ತಿ ಹಿಡಿದು 108ಕ್ಕೆ ಕರೆ ಮಾಡಿ.

ಹಂತ 7: ಕೊಯ್ದ ಮೇಲೆ

ಮೊಂಡು ಗರಗಸಕ್ಕೆ ಕೈ ಹೆಚ್ಚು ಬಲ ಹಾಕುತ್ತದೆ, ಜಾರುವುದು ಆಗಲೇ. ತೆಂಗಿನ ನಾರು, ತೊಗಟೆಗೆ ಅಂಟಿದ ಕಡಲ ಮರಳು ಚೈನಿನ ಹಲ್ಲನ್ನು ಬೇಗ ತಿನ್ನುತ್ತವೆ. ಚಕ್ಕೆಯ ಬದಲು ಪುಡಿ ಉದುರತೊಡಗಿದರೆ ಅರದಿಂದ ಉಜ್ಜುವ ಹೊತ್ತಾಯಿತೆಂದು ತಿಳಿಯಿರಿ. ನಮ್ಮ ಉಪ್ಪುಗಾಳಿಗೆ ಅಲಗು ಬೇಗ ತುಕ್ಕು ಹಿಡಿಯುತ್ತದೆ, ಒರೆಸಿ ಎಣ್ಣೆ ಸವರಿಡಿ.

ನಮ್ಮ ಮನೆಯಲ್ಲೀಗ ಇರುವುದು ಬಾಗಿದ ಕೈಗರಗಸ ಮತ್ತು ದೋಟಿ ಗರಗಸ ಎರಡೇ. ಪ್ರತಿ ವರ್ಷ ಮಳೆಗೆ ಮುಂಚೆ ಒಣ ಟೊಂಗೆಗಳನ್ನು ಅವುಗಳಿಂದಲೇ ತೆಗೆಯುತ್ತೇನೆ. ಅದಕ್ಕಿಂತ ದೊಡ್ಡದಕ್ಕೆ ಪಳಗಿದ ಕೆಲಸಗಾರರಿಗೆ ಕೂಲಿ ಕೊಟ್ಟು, ನಾನು ಪಾಗಾರದಾಚೆ ನಿಲ್ಲುತ್ತೇನೆ.